ಇಸಿಜಿ ನಾರ್ಮಲ್ ಬಂದರೆ ಸಾಕಾ? ಕಾಲೇಜು ವಯಸ್ಸಿನಲ್ಲಿ ಹೃದಯದ ಲೆಕ್ಕ ತೆಗೆಯುವ ಬಗೆ

2025ರ ಜೂನ್ ಕೊನೆ, ಜುಲೈ ಮೊದಲ ವಾರ. ಟಿವಿ ಹಾಕಿದರೆ ಹಾಸನದ್ದೇ ಸುದ್ದಿ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು ಎಂದು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು. ನಮ್ಮ ಕಾಲೇಜಿನ ಫೈನಲ್ ಬಿಕಾಂ ಹುಡುಗನೊಬ್ಬನೂ ಎರಡು ಕ್ಲಾಸ್ ಬಿಟ್ಟು ಹೋಗಿ ಇಸಿಜಿ ಮಾಡಿಸಿಕೊಂಡು ಬಂದ. ನಾರ್ಮಲ್ ಅಂತ ಬಂತು. ಆ ಖುಷಿಗೆ ಕಾಲೇಜಿನ ಹಿಂದಿನ ಗೂಡಂಗಡಿಯಲ್ಲಿ ಗೆಳೆಯರಿಗೆಲ್ಲ ಅವನದೇ ಪಾರ್ಟಿ. ಟೀ, ಬನ್ನು, ತಲೆಗೊಂದು ಸಿಗರೇಟು.

ನಾನು ಡಾಕ್ಟರ್ ಅಲ್ಲ, ಅಕೌಂಟ್ಸ್ ಹೇಳಿಕೊಡುವ ಮೇಷ್ಟ್ರು. ಆದರೆ ಲೆಕ್ಕ ತಪ್ಪಿದ್ದು ಕಂಡರೆ ಸುಮ್ನೆ ಇರಲಿಕ್ಕೆ ಆಗುವುದಿಲ್ಲ. ಹುಡುಗ ನೋಡಿದ್ದು ಇವತ್ತಿನ ಕ್ಯಾಶ್ ಬಾಕಿ ಮಾತ್ರ. ಸಾಲ ಎಷ್ಟಿದೆ, ಬಡ್ಡಿ ಹೇಗೆ ಬೆಳೆಯುತ್ತಿದೆ ಎಂಬುದನ್ನು ನೋಡಲೇ ಇಲ್ಲ. ಇಸಿಜಿ ಹೇಳುವುದು ಆ ಗಳಿಗೆಯಲ್ಲಿ ಹೃದಯದ ವಿದ್ಯುತ್ತು ಹೇಗೆ ಓಡುತ್ತಿದೆ ಎಂಬುದನ್ನು. ರಕ್ತನಾಳದೊಳಗೆ ಕೊಬ್ಬು ಕೂರಲು ಶುರುವಾಗಿದೆಯೋ ಇಲ್ಲವೋ ಎಂಬುದು ಅದರಲ್ಲಿ ಕಾಣುವುದಿಲ್ಲ. 20 ವರ್ಷದವರಿಗೆ ಬೇಕಾದ ಲೆಕ್ಕವೇ ಬೇರೆ. ಅದನ್ನು ಹೇಗೆ ತೆಗೆಯುವುದು ಎಂದು ಒಂದೊಂದಾಗಿ ಹೇಳುತ್ತೇನೆ. ಒಂದು ವಾರ ಸಾಕು. ಖರ್ಚು ಆಗುವುದು ರಕ್ತ ಪರೀಕ್ಷೆಗೆ ಮಾತ್ರ.

ಹಾಸನದ ವಿಷಯ ಏನಾಯಿತು ಎಂದು ಕೇಳುವವರಿಗೆ: ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಹೇಳಿತು. ಬಿಪಿ, ಶುಗರ್, ತಂಬಾಕು, ಕುಡಿತದಂಥ ಹಳೆಯ ಕಾರಣಗಳೇ ಎದ್ದು ಕಂಡವು. ಹೊಸ ರೋಗ ಯಾವುದೂ ಅಲ್ಲ. ಟಿವಿಯವರಿಗೆ ಅದು ದೊಡ್ಡ ಸುದ್ದಿ ಅನ್ನಿಸಲಿಲ್ಲ.

ಮೊದಲು ಒಂದು ಮಾತು: 20ಕ್ಕೇ ಯಾಕೆ?

1953ರಲ್ಲಿ ಅಮೆರಿಕದ ವೈದ್ಯರು ಕೊರಿಯಾ ಯುದ್ಧದಲ್ಲಿ ಸತ್ತ 300 ಸೈನಿಕರ ಹೃದಯಗಳನ್ನು ಪರೀಕ್ಷಿಸಿ ಒಂದು ವರದಿ ಕೊಟ್ಟರು. ಸತ್ತವರ ಸರಾಸರಿ ವಯಸ್ಸು 22. ಗಟ್ಟಿಮುಟ್ಟಾದ ಹುಡುಗರು, ಯಾರಿಗೂ ಎದೆನೋವು ಎಂಬುದೇ ಗೊತ್ತಿರಲಿಲ್ಲ. ಆದರೂ 100ಕ್ಕೆ 77 ಜನರ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯ ಗುರುತು ಇತ್ತು. ಕೆಲವರಿಗೆ ಬರೀ ಗೆರೆಯಷ್ಟು, ಕೆಲವರಿಗೆ ನಾಳ ಕಟ್ಟುವಷ್ಟು. 50ಕ್ಕೆ ಬರುವ ಹೃದಯಾಘಾತದ ಕೆಲಸ 20ರಲ್ಲೇ ಶುರುವಾಗಿರುತ್ತದೆ ಎಂದು ಜಗತ್ತಿಗೆ ಮೊದಲು ಸರಿಯಾಗಿ ಹೊಳೆದದ್ದು ಆಗ.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ಕೆಲಸ ಮಾಡಿದ ಸಲೀಂ ಯೂಸುಫ್ ಎಂಬ ಹೃದ್ರೋಗ ತಜ್ಞರು ಇದ್ದಾರೆ. ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. ಮೊದಲ ಹೃದಯಾಘಾತದ ಅಪಾಯದಲ್ಲಿ 100ಕ್ಕೆ ಸುಮಾರು 90 ಭಾಗಕ್ಕೆ ಕಾರಣ ಬರೀ ಒಂಬತ್ತು ಸಂಗತಿಗಳು ಎಂದು ಅದು ತೋರಿಸಿತು. ತಂಬಾಕು, ಕೊಲೆಸ್ಟರಾಲ್, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಮದ್ಯದ ಅಭ್ಯಾಸ. ಇಷ್ಟೇ. ಅದೇ ಅಧ್ಯಯನದಿಂದ ಗೊತ್ತಾದ ಇನ್ನೊಂದು ವಿಷಯ: ಭಾರತ ಮತ್ತು ಸುತ್ತಲಿನ ದೇಶದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆ.

ಈಗ ಇದನ್ನು ಒಂದು ಸರ್ಕಾರಿ ನಿಯಮದ ಪಕ್ಕದಲ್ಲಿ ಇಟ್ಟು ನೋಡಿ. ಬಿಪಿ, ಶುಗರ್‌ಗಾಗಿ ಊರೂರಲ್ಲಿ ನಡೆಯುವ ಸರ್ಕಾರಿ ತಪಾಸಣೆ ಶುರುವಾಗುವುದೇ 30 ವರ್ಷ ತುಂಬಿದವರಿಂದ. ಆಶಾ ಕಾರ್ಯಕರ್ತೆಯರು ಮನೆಗೆ ಬಂದರೂ ಹುಡುಕುವುದು ನಿಮ್ಮ ಅಪ್ಪ ಅಮ್ಮನನ್ನು, ನಿಮ್ಮನ್ನಲ್ಲ. ಅಂದರೆ 18ರಿಂದ 30ರ ತನಕ ನಿಮ್ಮ ಲೆಕ್ಕ ನೋಡುವವರು ಯಾರೂ ಇಲ್ಲ. ನೀವೇ ನೋಡಿಕೊಳ್ಳಬೇಕು.

ಹೆಜ್ಜೆ 1: ಮನೆಗೆ ಫೋನ್ ಮಾಡಿ

ದುಡ್ಡು ಬೇಡ, ಸೂಜಿ ಬೇಡ. ಎಲ್ಲಕ್ಕಿಂತ ಹೆಚ್ಚು ವಿಷಯ ಸಿಗುವ ಪರೀಕ್ಷೆ ಇದೇ ಎಂದು ನನ್ನ ಅನಿಸಿಕೆ. ನಿಮ್ಮ ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55 ವರ್ಷದೊಳಗೆ, ತಾಯಿಗೆ ಅಥವಾ ಅಕ್ಕತಂಗಿಯರಿಗೆ 65 ವರ್ಷದೊಳಗೆ ಹೃದಯಾಘಾತ ಆಗಿದ್ದರೆ, ಸ್ಟೆಂಟ್ ಹಾಕಿದ್ದರೆ, ಬೈಪಾಸ್ ಆಗಿದ್ದರೆ ನಿಮ್ಮ ಅಪಾಯವೂ ಜಾಸ್ತಿ. ಇದನ್ನು ವೈದ್ಯರು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಆದರೆ ಕೇಳುವ ರೀತಿ ಇದೆ. "ನಮ್ಮ ಮನೇಲಿ ಯಾರಿಗಾದರೂ ಹಾರ್ಟ್ ಪ್ರಾಬ್ಲಂ ಇದೆಯಾ?" ಎಂದು ಅಪ್ಪನನ್ನು ಕೇಳಿದರೆ "ಏನೂ ಇಲ್ಲ, ನೀನು ಓದ್ಕೋ" ಎಂದು ಫೋನ್ ಇಡುತ್ತಾರೆ. ಕೇಳಬೇಕಾದದ್ದು ಅಜ್ಜಿಯನ್ನು, ದೊಡ್ಡಮ್ಮನನ್ನು, ಸೋದರತ್ತೆಯನ್ನು. ಕೇಳುವುದೂ ರೋಗದ ಹೆಸರಿನಿಂದಲ್ಲ, ಸಾವಿನ ಕಥೆಯಿಂದ. "ತಾತ ಹೋದಾಗ ಎಷ್ಟು ವಯಸ್ಸಾಗಿತ್ತು? ಹೇಗೆ ಹೋದರು?" ಆಗ ನಿಜ ಹೊರಬರುತ್ತದೆ. "ಗ್ಯಾಸ್ ಆಗಿದೆ ಅಂತ ಸೋಡಾ ಕುಡಿದು ಮಲಗಿದರು, ಬೆಳಿಗ್ಗೆ ಏಳಲಿಲ್ಲ." "ಗದ್ದೆಯಲ್ಲಿ ಕುಸಿದುಬಿದ್ದರು, ಗಾಳಿ ತಾಕಿತು ಅಂದರು." ಹಳ್ಳಿಯ ಕಡೆ ಎಷ್ಟೋ ಹೃದಯಾಘಾತಗಳು ಗ್ಯಾಸು, ಗಾಳಿ, ದೃಷ್ಟಿ ಎಂಬ ಹೆಸರಲ್ಲೇ ಹೂತುಹೋಗಿವೆ.

ಇನ್ನೆರಡು ಪ್ರಶ್ನೆ ಮರೆಯಬೇಡಿ. ಚಿಕ್ಕ ವಯಸ್ಸಿನಲ್ಲಿ, ಆಡುತ್ತಲೋ ಓಡುತ್ತಲೋ ಇದ್ದಾಗ ಯಾರಾದರೂ ದಿಢೀರ್ ಸತ್ತದ್ದು ಇದೆಯಾ? ಈಜು ಚೆನ್ನಾಗಿ ಬರುತ್ತಿದ್ದವರು ಕಾರಣವಿಲ್ಲದೆ ಮುಳುಗಿದ್ದು ಇದೆಯಾ? ಇವು ಕೊಬ್ಬು ಕಟ್ಟುವ ಕಾಯಿಲೆಯಲ್ಲ. ಹೃದಯದ ಸ್ನಾಯು ದಪ್ಪವಾಗುವುದು, ಬಡಿತದ ಲಯ ತಪ್ಪುವುದು, ಹೀಗೆ ವಂಶದಲ್ಲಿ ಬರುವ ಬೇರೆ ತೊಂದರೆಗಳ ಸುಳಿವು. ಇಂಥ ಕಥೆ ಸಿಕ್ಕರೆ, ಅಥವಾ ನೀವೇ ಆಡುವಾಗ ಒಮ್ಮೆಯಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ಈ ಲೇಖನ ಇಲ್ಲಿಗೇ ನಿಲ್ಲಿಸಿ ಹೃದ್ರೋಗ ತಜ್ಞರನ್ನು ಕಾಣಿ. ಇಸಿಜಿ ಮತ್ತು ಎಕೋ (ಹೃದಯದ ಸ್ಕ್ಯಾನ್) ನಿಜಕ್ಕೂ ಬೇಕಾಗುವುದು ನಿಮ್ಮಂಥವರಿಗೆ.

ಸಿಕ್ಕಿದ್ದನ್ನೆಲ್ಲ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಹೆಸರು, ವಯಸ್ಸು, ಏನಾಯಿತು. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಕೇಳುವುದು ಇದನ್ನೇ.

ಹೆಜ್ಜೆ 2: ಟೇಲರ್ ಟೇಪು ತನ್ನಿ

ತೂಕದ ಮೆಷಿನ್‌ಗಿಂತ ಟೇಪು ಹೆಚ್ಚು ನಿಜ ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವಿನ ಜಾಗದಲ್ಲಿ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಅಳತೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಇಲ್ಲಿ ಯಾರೂ ಫೋಟೋ ತೆಗೆಯುತ್ತಿಲ್ಲ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. ನಮ್ಮ ಹುಡುಗರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿ 32 ಎಂದು ಹೇಳಿಕೊಳ್ಳುತ್ತಾರೆ.

ಭಾರತೀಯರಿಗೆ ಮಿತಿ ಹೀಗಿದೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇನ್ನೂ ಸುಲಭದ ಲೆಕ್ಕ ಬೇಕಾದರೆ ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಬಿಎಂಐ ನೋಡುವವರು ಆಪ್‌ನಲ್ಲಿ ಬರುವ 25, 30ರ ಗೆರೆಯನ್ನು ನಂಬಬೇಡಿ. ನಮ್ಮವರಿಗೆ 23ಕ್ಕೇ ಹೆಚ್ಚು ತೂಕ, 25ಕ್ಕೇ ಬೊಜ್ಜು ಎಂದು ಲೆಕ್ಕ.

ಯಾಕೆ ಈ ಬೇರೆ ಅಳತೆ? ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟು ನಮ್ಮಲ್ಲಿ ಬಹಳ. ತೂಕ ನೋಡಿದರೆ ಎಲ್ಲ ಸರಿ. ಆದರೆ ಕೊಬ್ಬು ಕೂತಿರುವುದು ಕರುಳು, ಯಕೃತ್ತಿನ ಸುತ್ತ. ಶುಗರ್, ಕೊಲೆಸ್ಟರಾಲ್ ಎರಡನ್ನೂ ಕೆಡಿಸುವುದು ಆ ಕೊಬ್ಬು. "ನಾನು ಸಣ್ಣಗಿದ್ದೀನಲ್ಲ ಸಾರ್" ಎನ್ನುವವರು ಟೇಪು ಹಿಡಿದ ಮೇಲೆ ಮಾತಾಡಿ.

ಹೆಜ್ಜೆ 3: ಬಿಪಿ ನೋಡಿಸಿ, ಸರಿಯಾಗಿ ನೋಡಿಸಿ

ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ 'ನಮ್ಮ ಕ್ಲಿನಿಕ್', ತಾಲ್ಲೂಕು ಆಸ್ಪತ್ರೆ, ಎಲ್ಲ ಕಡೆ ಪುಕ್ಕಟೆ ನೋಡುತ್ತಾರೆ. 30 ಆಗದವರನ್ನು ಅವರು ಹುಡುಕಿಕೊಂಡು ಬರುವುದಿಲ್ಲ ಅಷ್ಟೇ, ನೀವು ಹೋಗಿ ಕೇಳಿದರೆ ನೋಡದೆ ಕಳಿಸುವುದಿಲ್ಲ.

ಬಿಪಿಯಲ್ಲಿ ತಪ್ಪು ಅಂಕಿ ಬರುವುದು ಬಹಳ ಸುಲಭ. ಬಸ್ಸಿಳಿದು ಓಡಿ ಬಂದು, ಕಾಫಿ ಕುಡಿದು, ಮೂತ್ರ ತಡೆದುಕೊಂಡು, ಗೆಳೆಯನ ಜೊತೆ ಹರಟುತ್ತಾ ಕೈ ಚಾಚಿದರೆ ಯಾರಿಗೂ ಜಾಸ್ತಿಯೇ ಬರುತ್ತದೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಐದು ನಿಮಿಷ ಸುಮ್ನೆ ಕೂರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಕಟ್ಟಿದರೆ ತೋಳು ಮಡಚಿ ಮತ್ತೆ ಕಟ್ಟಲು ಹೇಳಿ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿಸಿ.

120/80ರೊಳಗೆ ಇದ್ದರೆ ಒಳ್ಳೆಯದು, ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು. 140/90 ಮುಟ್ಟಿದರೆ ಬೇರೆ ದಿನ ಇನ್ನೆರಡು ಸಲ ನೋಡಿಸಿ. ಪ್ರತಿ ಸಲವೂ ಅಷ್ಟೇ ಬಂದರೆ ಅದು ಬಿಪಿಯೇ. ನಡುವೆ ಇರುವವರು ಉಪ್ಪು, ನಿದ್ದೆ, ತೂಕದ ಕಡೆ ನೋಡಬೇಕಾದವರು. 20ನೇ ವಯಸ್ಸಿನಲ್ಲಿ ಬಿಪಿ ಬಹಳ ಜಾಸ್ತಿ ಇದ್ದರೆ ಡಾಕ್ಟರು ಮಾತ್ರೆ ಬರೆದು ಕಳಿಸದೆ ಮೂತ್ರಪಿಂಡ, ಹಾರ್ಮೋನು ಎಂದು ಕಾರಣ ಹುಡುಕುತ್ತಾರೆ. ಹುಡುಕದಿದ್ದರೆ ನೀವೇ ಕೇಳಿ.

ಬಿಪಿ ಬಂದರೆ ತಲೆ ಸುತ್ತುತ್ತದೆ, ಕಣ್ಣು ಕತ್ತಲಾಗುತ್ತದೆ ಎಂಬ ನಂಬಿಕೆ ಇದೆ. ಬಹಳ ಜನರಿಗೆ ಏನೂ ಆಗುವುದಿಲ್ಲ. ನೋಡಿಸದೆ ಗೊತ್ತಾಗುವುದಿಲ್ಲ.

ಹೆಜ್ಜೆ 4: ಒಂದು ಸಲ ರಕ್ತ ಕೊಡಿ

ಭಾರತದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಲೆಸ್ಟರಾಲ್ ಬಗ್ಗೆ ನಮ್ಮ ದೇಶಕ್ಕೆಂದೇ ಮಾರ್ಗಸೂಚಿ ಹೊರತಂದಿತು. ಮೊದಲ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಲೆಕ್ಕ) ಪರೀಕ್ಷೆ 18ನೇ ವಯಸ್ಸಿಗೇ ಆಗಲಿ ಎಂದು ಅದು ಹೇಳುತ್ತದೆ. ನಮ್ಮ ಮನೆಗಳಲ್ಲಿ 18ಕ್ಕೆ ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್ ಮಾಡಿಸುತ್ತೇವೆ, ಅಲ್ವಾ? ಅದರ ಜೊತೆಗೆ ಇದೂ ಒಂದು.

ಮಾಡಿಸಬೇಕಾದದ್ದು ಎರಡೇ: ಲಿಪಿಡ್ ಪ್ರೊಫೈಲ್ ಮತ್ತು ಖಾಲಿ ಹೊಟ್ಟೆಯ ಶುಗರ್. ಶುಗರ್‌ಗೆ ರಾತ್ರಿ ಊಟವಾದ ಮೇಲೆ ಎಂಟು ಗಂಟೆಯಾದರೂ ಏನೂ ತಿನ್ನಬಾರದು, ನೀರು ಕುಡಿಯಬಹುದು. ಲ್ಯಾಬಿನವರು "ಫುಲ್ ಬಾಡಿ ಪ್ಯಾಕೇಜ್ ಮಾಡ್ಸಿ, ಆಫರ್ ಇದೆ" ಎನ್ನುತ್ತಾರೆ. ಬೇಡ.

ರಿಪೋರ್ಟಿನಲ್ಲಿ ನೋಡಬೇಕಾದ ಅಂಕಿಗಳು ಇವು, ಎಲ್ಲವೂ mg/dL ಲೆಕ್ಕದಲ್ಲಿ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 100ರೊಳಗೆ ಇದ್ದರೆ ಚೆನ್ನ. 160 ದಾಟಿದರೆ ಜಾಸ್ತಿ. 190 ದಾಟಿದರೆ ಅದು ಮೆಸ್ ಊಟದ ತಪ್ಪು ಮಾತ್ರ ಇರಲಾರದು, ವಂಶದಲ್ಲಿ ಬರುವ ಕೊಲೆಸ್ಟರಾಲ್ ಕಾಯಿಲೆ ಇರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ. ದೊಡ್ಡ ಕಾಲೇಜೊಂದರಲ್ಲಿ ಎಷ್ಟು ಜನ ಎಂದು ನೀವೇ ಭಾಗಿಸಿ ನೋಡಿ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಬೆರಳ ಗೆಣ್ಣುಗಳ ಹತ್ತಿರ ಗಟ್ಟಿ ಗಂಟುಗಳು ಕೆಲವರಿಗೆ ಕಾಣುತ್ತವೆ. ಅಂಥವರು ಎಷ್ಟು ಓಡಿದರೂ ಎಷ್ಟು ಸೊಪ್ಪು ತಿಂದರೂ ಅಂಕಿ ಪೂರ್ತಿ ಇಳಿಯುವುದಿಲ್ಲ, ಮಾತ್ರೆ ಬೇಕೇ ಬೇಕು. ಒಬ್ಬರಿಗೆ ಸಿಕ್ಕರೆ ತಂದೆ ತಾಯಿ, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಬೇಕು. ಸೋದರಮಾವ, ಅತ್ತೆ ಮಗ ಎಂದು ಒಳಸಂಬಂಧದಲ್ಲೇ ಮದುವೆಯಾಗುತ್ತಾ ಬಂದ ಮನೆಗಳಲ್ಲಿ ಇಬ್ಬರ ಕಡೆಯಿಂದಲೂ ಈ ದೋಷ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಹಾಗೆ ಬಂದರೆ ಕಾಯಿಲೆ ಬಹಳ ಬೇಗ, ಬಹಳ ಜೋರಾಗಿ ಬರುತ್ತದೆ.

ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ ಇರಬಾರದು. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಕೊಬ್ಬು) 150ರೊಳಗೆ ಇರಲಿ. ಖಾಲಿ ಹೊಟ್ಟೆಯ ಶುಗರ್ 100ರೊಳಗೆ ಇದ್ದರೆ ಸರಿ. 100ರಿಂದ 125 ಎಂದರೆ ಹೊಸ್ತಿಲ ಮೇಲೆ ನಿಂತಿದ್ದೀರಿ. 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಮಾಡಿಸಿ ಡಾಕ್ಟರನ್ನು ನೋಡಿ. ಮೂರು ತಿಂಗಳ ಸರಾಸರಿ ಶುಗರ್ ಎಂದು ಎಚ್‌ಬಿಎ1ಸಿ ಮಾಡಿಸುವವರೂ ಇದ್ದಾರೆ. ಆದರೆ ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆ ಇರುವವರಿಗೆ ಅದರಲ್ಲಿ ಸುಳ್ಳೇ ಜಾಸ್ತಿ ಬರಬಹುದು. ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಎಷ್ಟು ಎಂದು ಗೊತ್ತಲ್ಲ.

ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದವರು ಡಾಕ್ಟರನ್ನು ಕೇಳಿ ಲೈಪೊಪ್ರೋಟೀನ್ ಎ ಎಂಬ ಇನ್ನೊಂದು ಪರೀಕ್ಷೆ ಸೇರಿಸಿಕೊಳ್ಳಿ. ಅದು ಹುಟ್ಟಿನಿಂದ ಬಂದದ್ದು, ಹೆಚ್ಚುಕಡಿಮೆ ಬದಲಾಗುವುದಿಲ್ಲ. ಜೀವಮಾನಕ್ಕೆ ಒಂದು ಸಲ ಸಾಕು. 50 mg/dLಗಿಂತ ಜಾಸ್ತಿ ಇದ್ದರೆ ಮಿಕ್ಕ ಎಲ್ಲವನ್ನೂ ಬಿಗಿಯಾಗಿ ಹಿಡಿಯಬೇಕು.

ಯಾವ ಅಂಕಿ ಹೇಗೇ ಬರಲಿ, ಗೂಗಲ್ ನೋಡಿ ಮಾತ್ರೆ ಶುರು ಮಾಡಬೇಡಿ. ಅಪ್ಪನ ಡಬ್ಬಿಯಿಂದ ಒಂದು ತೆಗೆದು ನುಂಗುವುದಂತೂ ಬೇಡವೇ ಬೇಡ.

ಹೆಜ್ಜೆ 5: "ದಿನಕ್ಕೆ ಒಂದೇ ಸಾರ್"

ಸಿಗರೇಟಿನ ಬಗ್ಗೆ ಉಪದೇಶ ಕೇಳಿ ಕೇಳಿ ನಿಮಗೆ ಸಾಕಾಗಿದೆ. ಹಾಗಾಗಿ ಲೆಕ್ಕ ಮಾತ್ರ ಹೇಳುತ್ತೇನೆ. ನಮ್ಮ ಹುಡುಗರಲ್ಲಿ ಯಾರೂ ಪ್ಯಾಕೆಟ್‌ಗಟ್ಟಲೆ ಸೇದುವವರಲ್ಲ. ಟೀ ಜೊತೆ ಒಂದು, ಇಂಟರ್ನಲ್ಸ್ ಇದ್ದರೆ ಎರಡು. 20 ಸೇದುವವನಿಗೆ 100 ರೂಪಾಯಿ ಅಪಾಯವಾದರೆ ನನಗೆ 5 ರೂಪಾಯಿ ಎಂಬುದು ಅವರ ಲೆಕ್ಕ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಹೆಚ್ಚುಕಡಿಮೆ ಹಾಗೇ. ಹೃದಯದಲ್ಲಿ ಹಾಗಲ್ಲ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಒಂದೇ ಒಂದು ಸೇದುವವರಿಗೂ 20 ಸೇದುವವರ ಹೆಚ್ಚುವರಿ ಅಪಾಯದ ಅರ್ಧದಷ್ಟು ಇತ್ತು. 5 ರೂಪಾಯಿ ಅಂದುಕೊಂಡದ್ದು ನಿಜಕ್ಕೂ 40, 50 ರೂಪಾಯಿ. ಸ್ವಲ್ಪ ಹೊಗೆ ಹೋದರೂ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿಯಾಗುತ್ತದೆ, ನಾಳದ ಒಳಗೋಡೆ ಕೆಡುತ್ತದೆ. ಹಾಗಾಗಿ "ಕಮ್ಮಿ ಮಾಡಿದೀನಿ" ಎಂಬುದು ಹೃದಯದ ಲೆಕ್ಕದಲ್ಲಿ ಅಷ್ಟೇನೂ ಉಳಿತಾಯವಲ್ಲ. ಬಿಡುವುದೊಂದೇ ಉಳಿತಾಯ. ಬಿಟ್ಟು ಒಂದು ವರ್ಷವಾದರೆ ಹೃದಯಾಘಾತದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ.

ಬಿಡುವುದು ಹೇಗೆ? ನಾನು ಕಂಡಂತೆ ಬಿಟ್ಟ ಹುಡುಗರೆಲ್ಲ ಮೊದಲು ಜಾಗ ಬದಲಿಸಿದರು. ಆ ಗೂಡಂಗಡಿ ಬಿಟ್ಟು ಕ್ಯಾಂಟೀನಿನಲ್ಲಿ ಟೀ ಕುಡಿಯಲು ಶುರು ಮಾಡಿದರು. ಒಂದು ವಾರ ಟೀ ಬಿಟ್ಟು ಕಷಾಯ, ಮಜ್ಜಿಗೆ ಎಂದು ತಿರುಗಿದವನೂ ಇದ್ದಾನೆ, ಯಾಕೆಂದರೆ ಟೀ ಕಪ್ಪು ಕಂಡರೆ ಅವನ ಬೆರಳು ಸಿಗರೇಟು ಹುಡುಕುತ್ತಿತ್ತು. ಸೇದಬೇಕು ಎಂಬ ತಲಬು ಬಂದಾಗ ಕೆಲವು ನಿಮಿಷ ತಳ್ಳಿದರೆ ತಾನೇ ಇಳಿಯುತ್ತದೆ. ಒಬ್ಬರಿಂದ ಆಗದಿದ್ದರೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ, ದುಡ್ಡು ಹೋಗುವುದಿಲ್ಲ.

ವೇಪ್‌ನಲ್ಲಿ ಬರೀ ಆವಿ ಎನ್ನುವವರಿಗೆ: ಅದರಲ್ಲೂ ನಿಕೋಟಿನ್ ಇದೆ, ಮತ್ತು 2019ರಿಂದ ಅದನ್ನು ಮಾರುವುದು ದೇಶದಲ್ಲೇ ನಿಷಿದ್ಧ. ಹುಕ್ಕಾ ಬಾರ್‌ಗಳನ್ನು ಕರ್ನಾಟಕ 2024ರಲ್ಲಿ ಮುಚ್ಚಿಸಿತು. ತಂಬಾಕು ಕೊಳ್ಳುವ ವಯಸ್ಸನ್ನೂ ರಾಜ್ಯ 18ರಿಂದ 21ಕ್ಕೆ ಏರಿಸಿದೆ. ಗೂಡಂಗಡಿಯವರಿಗೆ ಅದು ಇನ್ನೂ ತಿಳಿದಂತಿಲ್ಲ ಎಂಬುದು ಬೇರೆ ಮಾತು. ಗುಟ್ಕಾ, ಹೊಗೆಸೊಪ್ಪು ಅಗಿಯುವವರಿಗೂ ಹೃದಯದ ಅಪಾಯ ತಪ್ಪಿದ್ದಲ್ಲ.

ಹೆಜ್ಜೆ 6: ಮೆಸ್ಸು ಮತ್ತು ಬೇಕರಿ

ಹಾಸ್ಟೆಲ್ ಮೆಸ್ಸನ್ನು ಬೈಯುವುದು ಸುಲಭ. ತಿಂಡಿಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಸಾಂಬಾರು, ಪಲ್ಯ ಎಂದರೆ ಎರಡು ಚಮಚ ಆಲೂಗಡ್ಡೆ. ಹಸಿವಾಗಿ ಸಂಜೆ ಬೇಕರಿಗೆ ಹೋದರೆ ಎಗ್ ಪಫ್ಸು, ರಾತ್ರಿ ತಳ್ಳುಗಾಡಿಯಲ್ಲಿ ಗೋಬಿ ಮಂಚೂರಿ. ಇದನ್ನು ಒಂದೇ ದಿನದಲ್ಲಿ ಬದಲಿಸಿ ಓಟ್ಸ್, ಆವಕಾಡೊ ತಿನ್ನಿ ಎಂದು ನಾನು ಹೇಳುವುದಿಲ್ಲ. ಆ ದುಡ್ಡು ನಮ್ಮ ಹುಡುಗರ ಹತ್ತಿರ ಇಲ್ಲ.

ಮೂರು ಬದಲಾವಣೆ ಸಾಕು. ಮೊದಲನೆಯದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿನೊಳಗೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಸಾರಿನಲ್ಲೇ ಅದು ಹೆಚ್ಚುಕಡಿಮೆ ಮುಗಿದಿರುತ್ತದೆ. ಹಾಗಾಗಿ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ರಾತ್ರಿ 12ಕ್ಕೆ ಕೆಟಲಿನಲ್ಲಿ ಬೇಯಿಸುವ ನೂಡಲ್ಸ್ ಮಸಾಲೆಯನ್ನು ಒಂದೊಂದಾಗಿ ಬಿಟ್ಟುಬಿಡಿ. ಎರಡನೆಯದು ಸಕ್ಕರೆ. ದಿನಕ್ಕೆ ನಾಲ್ಕೈದು ಟೀ, ಒಂದೊಂದರಲ್ಲಿ ಎರಡು ಚಮಚ, ಅಲ್ಲಿಗೇ ಸುಮಾರು 40 ಗ್ರಾಂ. ಮೇಲೊಂದು ಕೂಲ್‌ಡ್ರಿಂಕ್ ಕುಡಿದರೆ ದಿನದ ಸಕ್ಕರೆಯ ಮಿತಿ ದಾಟಿತು. ಮೂರನೆಯದು ಸೇರಿಸುವುದು: ಕಾಳು ಮತ್ತು ಸೊಪ್ಪು. ಹೆಸರುಕಾಳು, ಹುರುಳಿಕಾಳು, ಕಡಲೆಕಾಳು ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಉಸಲಿ. ಒಲೆ ಇಲ್ಲದವರು ಮೊಳಕೆ ಬರಿಸಿ ಈರುಳ್ಳಿ, ನಿಂಬೆಹಣ್ಣು ಹಾಕಿ ತಿನ್ನಬಹುದು. ಹುರಿದ ಶೇಂಗಾ, ಬಾಳೆಹಣ್ಣು, ಸೀಬೆಹಣ್ಣು ಪಫ್ಸಿಗಿಂತ ದುಬಾರಿಯಲ್ಲ.

ಮೆಸ್ ಕಮಿಟಿಯಲ್ಲಿ ಜಾಗ ಖಾಲಿ ಇದ್ದರೆ ಸೇರಿಕೊಳ್ಳಿ. ನಮ್ಮ ಹಾಸ್ಟೆಲಿನಲ್ಲಿ ಇಬ್ಬರು ಹುಡುಗಿಯರು ಸೇರಿ ವಾರಕ್ಕೆ ಎರಡು ದಿನ ರಾಗಿಮುದ್ದೆ ಬಸ್ಸಾರು, ಒಂದು ದಿನ ಕೋಸಂಬರಿ ಮಾಡಿಸಿದರು. ಪೂರಿ ದಿನವನ್ನು ಮಾತ್ರ ಯಾರೂ ಬಿಟ್ಟುಕೊಡಲಿಲ್ಲ. ಇರಲಿ ಬಿಡಿ.

ಹೆಜ್ಜೆ 7: ಮೈ, ನಿದ್ದೆ, ಪಾರ್ಟಿ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಇಡೀ ನಾಡು ಅತ್ತಿತು. ಅದರ ಜೊತೆಗೆ "ಜಿಮ್ಮಿಗೆ ಹೋದರೆ ಹಾರ್ಟ್ ಅಟ್ಯಾಕ್" ಎಂಬ ಭಯವೂ ಹಬ್ಬಿತು. ನಮ್ಮ ಪಕ್ಕದ ಮನೆಯ ಅಮ್ಮ ಮಗನ ಜಿಮ್ ಬಿಡಿಸಿ ಸೋಫಾದಲ್ಲಿ ಕೂರಿಸಿದರು. ತಿಂಗಳುಗಟ್ಟಲೆ ಕೂತಿದ್ದು ಒಂದು ದಿನ ಎದ್ದು ಹುಚ್ಚಾಪಟ್ಟೆ ಎತ್ತುವುದರಲ್ಲಿ ಅಪಾಯ ಇದೆ, ದಿನಾ ಮಾಡುವುದರಲ್ಲಿ ಅಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 18ರಿಂದ 45 ವರ್ಷದವರ ದಿಢೀರ್ ಸಾವುಗಳ ಬಗ್ಗೆ 47 ಆಸ್ಪತ್ರೆಗಳ ಮೂಲಕ ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿತು. ಕೋವಿಡ್ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕಂಡದ್ದು ಬೇರೆ: ಮನೆಯಲ್ಲಿ ದಿಢೀರ್ ಸಾವಿನ ಇತಿಹಾಸ, ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದದ್ದು, ಮಾದಕ ವಸ್ತು ಸೇವಿಸಿದ್ದು, ವಿಪರೀತ ಮೈದಣಿಸಿದ್ದು. ಕಾಲೇಜು ಟ್ರಿಪ್ಪುಗಳನ್ನು ನೆನೆಸಿಕೊಳ್ಳಿ. ರಾತ್ರಿಯಿಡೀ ಕುಡಿತ, ನಿದ್ದೆ ಇಲ್ಲ, ಬೆಳಿಗ್ಗೆ ಐದಕ್ಕೆ ಬೆಟ್ಟ ಹತ್ತುವುದು. ಈ ಮೂರನ್ನೂ ಒಂದೇ ದಿನಕ್ಕೆ ಜೋಡಿಸಬೇಡಿ. ಜ್ವರ ಬಂದಾಗಲೂ, ಬಿಟ್ಟ ಕೆಲವು ದಿನವೂ ಜೋರಾದ ಆಟ ಬೇಡ. ಕೆಲವು ವೈರಸ್ಸುಗಳು ಹೃದಯದ ಸ್ನಾಯುವಿಗೂ ಹತ್ತುತ್ತವೆ.

ಗುರಿ ವಾರಕ್ಕೆ 150 ನಿಮಿಷ. ದಿನಕ್ಕೆ ಅರ್ಧ ಗಂಟೆ, ಐದು ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಿನ ನಡಿಗೆ. ಮಾನಸಗಂಗೋತ್ರಿಯವರಿಗೆ ಕುಕ್ಕರಹಳ್ಳಿ ಕೆರೆ ಇದೆ, ಜ್ಞಾನಭಾರತಿಯವರಿಗೆ ಮರಗಳ ನಡುವೆ ಕಿಲೋಮೀಟರ್‌ಗಟ್ಟಲೆ ರಸ್ತೆ ಇದೆ, ಧಾರವಾಡದವರಿಗೆ ಗುಡ್ಡವೇ ಇದೆ. ಪಿಜಿಯಲ್ಲಿ ಇರುವವರು ಎರಡು ಸ್ಟಾಪ್ ಮೊದಲೇ ಬಸ್ ಇಳಿಯಿರಿ.

ಜಿಮ್ಮಿನವರಿಗೆ ಒಂದು ಮಾತು. ಟ್ರೇನರ್ ಕೊಡುವ ಪುಡಿ, ಇಂಜೆಕ್ಷನ್ ಯಾವುದು ಎಂದು ಹೆಸರು ಕೇಳಿ. ಸ್ಟೀರಾಯ್ಡ್ ಆಗಿದ್ದರೆ ಎಲ್‌ಡಿಎಲ್ ಏರುತ್ತದೆ, ಎಚ್‌ಡಿಎಲ್ ಪಾತಾಳಕ್ಕೆ ಇಳಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ತೋಳು ನೋಡಿ ಹೊಗಳುವವರಿಗೆ ಒಳಗಿನದು ಕಾಣುವುದಿಲ್ಲ.

ನಿದ್ದೆ ಏಳು ಗಂಟೆ ಬೇಕು. ಅಮೆರಿಕದ ಹೃದ್ರೋಗ ಸಂಘ ಹೃದಯದ ಆರೋಗ್ಯದ ಅಳತೆಗಳಲ್ಲಿ ನಿದ್ದೆಯನ್ನೂ 2022ರಲ್ಲಿ ಸೇರಿಸಿತು. ಪರೀಕ್ಷೆಯ ಹಿಂದಿನ ರಾತ್ರಿ ಎನರ್ಜಿ ಡ್ರಿಂಕ್ ಕುಡಿದು ಕೂತು, ಎದೆ ಡವಡವ ಎಂದು ಹೊಡೆದುಕೊಂಡು, ಹಾರ್ಟ್ ಅಟ್ಯಾಕ್ ಎಂದು ಹೆದರಿ ನನಗೆ ಫೋನ್ ಮಾಡಿದವರಿದ್ದಾರೆ. ಚಿಂತೆ, ಹೆದರಿಕೆ ದಿನಗಟ್ಟಲೆ ಬಿಡದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಹುಡುಗಿಯರಿಗೆ ಬೇರೆಯಾಗಿ

"ಇದು ಗಂಡಸರ ಕಾಯಿಲೆ" ಎಂಬ ಮಾತು ನಂಬಬೇಡಿ. ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಇದೆ ಎಂದು ಡಾಕ್ಟರು ಹೇಳಿದ್ದರೆ ಅದನ್ನು ಮುಟ್ಟಿನ ತೊಂದರೆ, ಮೊಡವೆ ಎಂದಷ್ಟೇ ನೋಡಬೇಡಿ. ಶುಗರ್, ಬಿಪಿ, ಕೊಲೆಸ್ಟರಾಲ್ ಮೂರೂ ಏರುವ ಸಾಧ್ಯತೆ ಜಾಸ್ತಿ, ಹಾಗಾಗಿ ಮೂರನೇ ಮತ್ತು ನಾಲ್ಕನೇ ಹೆಜ್ಜೆ ನಿಮಗೆ ಕಡ್ಡಾಯ. ಮುಟ್ಟು ಸರಿಪಡಿಸಲು ಹಾರ್ಮೋನ್ ಮಾತ್ರೆ ಬರೆದುಕೊಡುವಾಗ ನಿಮ್ಮ ಬಿಪಿ ನೋಡಿದರಾ? ಸಿಗರೇಟು ಸೇದುತ್ತೀರಾ ಎಂದು ಕೇಳಿದರಾ? ಕೇಳದಿದ್ದರೆ ನೀವೇ ಹೇಳಿ. ಅಮ್ಮ ಪಕ್ಕದಲ್ಲಿ ಕೂತಿದ್ದಾರೆ ಎಂದು ಹೇಳದೆ ಬರುವ ಹುಡುಗಿಯರನ್ನು ಕಂಡಿದ್ದೇನೆ. ಅಮ್ಮನನ್ನು ಎರಡು ನಿಮಿಷ ಹೊರಗೆ ಕಳಿಸಿ ಎಂದು ಡಾಕ್ಟರನ್ನು ಕೇಳಬಹುದು.

ಹೆಜ್ಜೆ 8: ರಾತ್ರಿ 2 ಗಂಟೆಗೆ ರೂಮ್‌ಮೇಟ್ ಎದೆ ಹಿಡಿದುಕೊಂಡರೆ

20ರಲ್ಲಿ ಇದು ಅಪರೂಪ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಉಸಿರಾಟ ಕಷ್ಟ, ವಾಂತಿ ಬಂದಂತಾಗುವುದು. ಇಂಥದ್ದು ಕಂಡರೆ ಸೋಡಾ, ಈನೋ, ಜೀರಿಗೆ ನೀರು ಎಂದು ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ. ಅವರನ್ನು ಬೈಕಿನ ಹಿಂದೆ ಕೂರಿಸಬೇಡಿ, ನಡೆಸಬೇಡಿ. ರಾಜ್ಯದಲ್ಲಿ ಈಗ ಪುನೀತ್ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಇದೆ. ಅದರಡಿ ಬರುವ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ. ನೂರು ಕಿಲೋಮೀಟರ್ ದೂರದ ದೊಡ್ಡ ಆಸ್ಪತ್ರೆಗೆ ಓಡುವ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆಯಾ ಎಂದು ಮೊದಲೇ ತಿಳಿದಿರಲಿ.

ಬಿದ್ದವರು ಅಲುಗಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಮೊಣಕೈ ಮಡಚದೆ, ಎರಡು ಇಂಚು ಕೆಳಗೆ ಹೋಗುವಷ್ಟು ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಒಬ್ಬರು ದಣಿದರೆ ಇನ್ನೊಬ್ಬರು, ಆಂಬುಲೆನ್ಸ್ ಬರುವ ತನಕ ಬಿಡಬೇಡಿ. ಕಾಲೇಜಿನ ಎನ್‌ಎಸ್‌ಎಸ್, ರೆಡ್‌ಕ್ರಾಸ್ ಘಟಕದವರನ್ನು ಕೇಳಿ ಒಂದು ದಿನ ಇದರ ತರಬೇತಿ ಇಡಿಸಿ. ಓದಿ ತಿಳಿಯುವುದಕ್ಕೂ ಗೊಂಬೆಯ ಮೇಲೆ ಒತ್ತಿ ಕಲಿಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನೊಂದು ಸಣ್ಣ ಕೆಲಸ. ನಮ್ಮ ಹಾಸ್ಟೆಲುಗಳ ಗೇಟಿಗೆ ರಾತ್ರಿ ಒಂಬತ್ತೂವರೆಗೆ ಬೀಗ ಬೀಳುತ್ತದೆ. ಆಂಬುಲೆನ್ಸ್ ಬಂದು ಹೊರಗೆ ನಿಂತರೆ ತೆಗೆಯುವವರು ಯಾರು? ಬೀಗದ ಕೈ ವಾರ್ಡನ್ ಹತ್ತಿರವಾ, ವಾಚ್‌ಮನ್ ಹತ್ತಿರವಾ, ಅವರು ಮಲಗುವುದು ಎಲ್ಲಿ, ಫೋನ್ ಎತ್ತುತ್ತಾರಾ? ಇವತ್ತು ಸಂಜೆ ಊಟಕ್ಕೆ ಇಳಿದಾಗ ಕೇಳಿಕೊಂಡು ಬನ್ನಿ.